ಗೋಶೆ ಕಾಯಿಲೆ: ಹೆಸರು ಒಂದೇ, ಒಬ್ಬೊಬ್ಬರಲ್ಲಿ ಒಂದೊಂದು ತರಹ

1882ರಲ್ಲಿ ಫಿಲಿಪ್ ಗೋಶೆ ಎಂಬ ಫ್ರಾನ್ಸಿನ ವೈದ್ಯ ವಿದ್ಯಾರ್ಥಿ, 32 ವರ್ಷದ ಹೆಂಗಸೊಬ್ಬರ ಗುಲ್ಮ (ಸ್ಪ್ಲೀನ್) ವಿಪರೀತ ಊದಿದ್ದನ್ನು ಕಂಡು ಅದು ಕ್ಯಾನ್ಸರ್ ಎಂದುಕೊಂಡ. ಅದು ಕ್ಯಾನ್ಸರ್ ಆಗಿರಲಿಲ್ಲ. ಆದರೂ ಕಾಯಿಲೆಗೆ ಅವನ ಹೆಸರೇ ಉಳಿಯಿತು. ಅಲ್ಲಿ ತುಂಬಿಕೊಂಡಿದ್ದು ಗ್ಲುಕೋಸೆರೆಬ್ರೊಸೈಡ್ ಎಂಬ ಕೊಬ್ಬು ಅಂತ ಗೊತ್ತಾಗಿದ್ದು 1934ರಲ್ಲಿ. ಅದನ್ನು ಒಡೆಯುವ ಕಿಣ್ವದ ಕೊರತೆಯೇ ಮೂಲ ಎಂದು 1965ರಲ್ಲಿ ಅಮೆರಿಕದ ರೋಸ್ಕೋ ಬ್ರಾಡಿ ಅವರ ತಂಡ ತೋರಿಸಿತು.

ಹಳೆಯ ರಕ್ತಕಣಗಳನ್ನು ನುಂಗಿ ಅರಗಿಸುವ ಜೀವಕೋಶಗಳು ನಮ್ಮ ಮೈಯಲ್ಲಿವೆ. ಈ ಕಾಯಿಲೆಯಲ್ಲಿ ಅವು ಆ ಕೊಬ್ಬನ್ನು ಅರಗಿಸಲಾರದೆ ಒಳಗೇ ಇಟ್ಟುಕೊಳ್ಳುತ್ತವೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮುದುಡಿದ ತೆಳು ಕಾಗದದ ಹಾಗೆ ಕಾಣುತ್ತವೆ. ಹೊಟ್ಟೆ ಉಬ್ಬುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ, ಮೂಳೆ ನೋಯುತ್ತದೆ.

ಆದರೆ ಎಲ್ಲರಿಗೂ ಹೀಗೇ ಆಗುವುದಿಲ್ಲ. ಈ ಕಾಯಿಲೆಯಲ್ಲಿ ಮೂರು ಬಗೆಗಳಿವೆ. ಮೊದಲನೇ ಬಗೆಯವರಲ್ಲಿ ಕೆಲವರಿಗೆ ವಯಸ್ಸಾಗುವ ತನಕ ಕಾಯಿಲೆ ಇದೆ ಅಂತಲೇ ತಿಳಿಯುವುದಿಲ್ಲ. ಎರಡನೇ ಬಗೆಯ ಕೂಸುಗಳಿಗೆ ಮಿದುಳೇ ಹಾಳಾಗಿ, ಹೆಚ್ಚಿನವು ಎರಡು ಮೂರು ವರ್ಷವೂ ಬದುಕುವುದಿಲ್ಲ. ಮೂರನೆಯದರಲ್ಲಿ ನರಗಳ ತೊಂದರೆ ನಿಧಾನವಾಗಿ ಬರುತ್ತದೆ.

ಜೀನ್ ಪರೀಕ್ಷೆ ಬಂದಾಗ ಎಲ್ಲ ಸ್ಪಷ್ಟವಾಗುತ್ತದೆ ಎಂಬ ಆಸೆ ಇತ್ತು. ಸ್ವಲ್ಪ ಮಟ್ಟಿಗೆ ಆಯಿತು ಕೂಡ. ಈ ಕಿಣ್ವದ ಜೀನ್ ನಮ್ಮಲ್ಲಿ ಎರಡು ಪ್ರತಿ ಇರುತ್ತದೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಎನ್370ಎಸ್ ಎಂಬ ದೋಷ ಒಂದು ಪ್ರತಿಯಲ್ಲಿದ್ದರೂ ಸಾಮಾನ್ಯವಾಗಿ ಮಿದುಳು ಉಳಿಯುತ್ತದೆ. ಎಲ್444ಪಿ ದೋಷ ಎರಡೂ ಪ್ರತಿಗಳಲ್ಲಿದ್ದರೆ ನರಕ್ಕೆ ಅಪಾಯ ಜಾಸ್ತಿ. ಆದರೆ ಒಂದೇ ದೋಷವಿರುವ ಅಣ್ಣತಮ್ಮಂದಿರಲ್ಲೂ ಕಾಯಿಲೆ ಬೇರೆ ಬೇರೆಯಾಗಿ ನಡೆಯುತ್ತದೆ. ಅಷ್ಟೇಕೆ, ಒಂದೇ ರೂಪದ ಅವಳಿಗಳಲ್ಲಿ ಒಬ್ಬರಿಗೆ ತೀವ್ರ, ಇನ್ನೊಬ್ಬರಿಗೆ ಹಗುರ ಆಗಿದ್ದೂ ದಾಖಲಾಗಿದೆ. ರಿಪೋರ್ಟಿನ ಒಂದು ಸಾಲು ನೋಡಿ ಮಗುವಿನ ಭವಿಷ್ಯ ಹೇಳಿಬಿಡುವುದು ನನ್ನ ಪ್ರಕಾರ ತಪ್ಪು.

1991ರಲ್ಲಿ ಅಮೆರಿಕದಲ್ಲಿ ಕಿಣ್ವದ ಔಷಧಕ್ಕೆ ಒಪ್ಪಿಗೆ ಸಿಕ್ಕಿತು. ಮೊದಲು ಅದನ್ನು ಹೆರಿಗೆಯಲ್ಲಿ ಬರುವ ಮಾಸಿನಿಂದ ತೆಗೆಯುತ್ತಿದ್ದರು. ಈಗ ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಿಂದ ತಯಾರಿಸುತ್ತಾರೆ. ಎರಡು ವಾರಕ್ಕೊಮ್ಮೆ ಡ್ರಿಪ್ ಹಾಕಿದರೆ ಗುಲ್ಮ ಕುಗ್ಗುತ್ತದೆ, ರಕ್ತ ಸುಧಾರಿಸುತ್ತದೆ. ಆದರೆ ಈ ಕಿಣ್ವ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ.

ಹಾಗಾಗಿಯೇ ನಮ್ಮ ದೇಶದ 2021ರ ಅಪರೂಪದ ಕಾಯಿಲೆಗಳ ನೀತಿ ಮೊದಲನೇ ಬಗೆಯವರನ್ನೂ, ನರದ ತೊಂದರೆ ಹೆಚ್ಚಿಲ್ಲದ ಮೂರನೇ ಬಗೆಯವರನ್ನೂ ಮಾತ್ರ ಔಷಧದ ಪಟ್ಟಿಗೆ ಸೇರಿಸಿದೆ. 2022ರಲ್ಲಿ ಒಬ್ಬ ರೋಗಿಗೆ ಸರ್ಕಾರ ಕೊಡುವ ನೆರವಿನ ಮಿತಿ 50 ಲಕ್ಷ ರೂಪಾಯಿಗೆ ಏರಿತು. ಔಷಧ ಜೀವನಪೂರ್ತಿ ಬೇಕು. ತೂಕ ನೋಡಿ ಕೊಡುವುದರಿಂದ, ಮಗು ಬೆಳೆದಂತೆ ಖರ್ಚೂ ಬೆಳೆಯುತ್ತದೆ. ಇಂಥ ಕಾಯಿಲೆಗೆ ಒಂದು ಮಿತಿ ಹಾಕಿದರೆ ಆಮೇಲೇನು ಗತಿ?

ಭಾರತದ ರೋಗಿಗಳಲ್ಲಿ ಎಲ್444ಪಿ ದೋಷವೇ ಹೆಚ್ಚು. ಅದಕ್ಕೇ ಕಣ್ಣಿನ ಚಲನೆ ನೋಡುವುದು ತುಂಬಾ ಮುಖ್ಯ. ಆಟಿಕೆಯನ್ನು ಪಕ್ಕಕ್ಕೆ ಸರಿಸಿದಾಗ ಮಗು ಕಣ್ಣು ಹೊರಳಿಸುವ ಬದಲು ತಲೆಯನ್ನೇ ಜರಕ್ಕನೆ ತಿರುಗಿಸಿದರೆ, ಅದು ಮೂರನೇ ಬಗೆಯ ಮೊದಲ ಸುಳಿವಾಗಿರಬಹುದು. ಹೊಟ್ಟೆ ಇಳಿಯಿತು, ಮಗು ಚೆನ್ನಾಗಿದೆ ಅಂತ ಆ ಪರೀಕ್ಷೆಯನ್ನು ನಿಲ್ಲಿಸಬಾರದು.