ಅಡುಗೆಮನೆ ಚಿತ್ರದ ಮುಂದಕ್ಕೆ ಬಂದದ್ದು ಹೇಗೆ?

ಬೈಬಲ್‌ನ ಲೂಕನ ಸುವಾರ್ತೆಯಲ್ಲಿ ಒಂದು ಪುಟ್ಟ ಕಥೆ ಇದೆ. ಯೇಸು ಮಾರ್ಥಾಳ ಮನೆಗೆ ಬರುತ್ತಾನೆ. ಮಾರ್ಥಾ ಉಪಚಾರದ ಕೆಲಸದಲ್ಲಿ ಒದ್ದಾಡುತ್ತಿದ್ದರೆ ತಂಗಿ ಮರಿಯಾ ಅವನ ಮಾತು ಕೇಳುತ್ತಾ ಕೂತುಬಿಡುತ್ತಾಳೆ. ಮಾರ್ಥಾ ದೂರುತ್ತಾಳೆ. ಮರಿಯಾ ಆರಿಸಿಕೊಂಡದ್ದೇ ಒಳ್ಳೆಯದು ಅನ್ನುತ್ತಾನೆ ಯೇಸು.

1552ರಲ್ಲಿ ಡಚ್ ಚಿತ್ರಕಾರ ಪೀಟರ್ ಆರ್ಟ್ಸೆನ್ ಈ ಕಥೆಯನ್ನು ತಲೆಕೆಳಗು ಮಾಡಿ ಚಿತ್ರ ಬರೆದ. ಆ ಚಿತ್ರ ಈಗ ವಿಯೆನ್ನಾದಲ್ಲಿದೆ. ಕಣ್ಣಿಗೆ ಮೊದಲು ಬೀಳುವುದು ಮಾಂಸದ ದೊಡ್ಡ ತೊಡೆ. ಯೇಸುವನ್ನು ಹಿಂದೆ ಹುಡುಕಬೇಕು. ಅಲ್ಲಿಯವರೆಗೆ ಊಟದ ಸಾಮಾನು ದೇವರ ಕಥೆಯ ಒಂದು ಮೂಲೆಯಲ್ಲಿ ಇರುತ್ತಿತ್ತು. ಈಗ ದೇವರೇ ಮೂಲೆಗೆ ಹೋದ.

ಇದು ಈಗಿನ ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ ನಡೆದದ್ದು ಆಕಸ್ಮಿಕವಲ್ಲ. ಆಗ ಅದು ಯುರೋಪಿನ ದೊಡ್ಡ ವ್ಯಾಪಾರಿ ಬಂದರುಗಳಲ್ಲಿ ಒಂದು. ಮಲಬಾರಿನ ಕಾಳುಮೆಣಸು ಲಿಸ್ಬನ್ ದಾಟಿ ಇಲ್ಲಿಗೆ ಬರುತ್ತಿತ್ತು. ವ್ಯಾಪಾರಿಗಳ ಕೈಯಲ್ಲಿ ದುಡ್ಡಿತ್ತು. 1540ರಿಂದ ಅಲ್ಲಿ ವ್ಯಾಪಾರಿಗಳು ವ್ಯವಹಾರ ನಡೆಸುವ ವಿನಿಮಯ ಕಟ್ಟಡದ ಮಹಡಿಯಲ್ಲಿ ಚಿತ್ರಗಳನ್ನೇ ಮಾರುವ ಸಂತೆ ಇತ್ತು. ಚಿತ್ರ ಬೇಕಾದವರು ಚರ್ಚಿನವರಷ್ಟೇ ಆಗಿರಲಿಲ್ಲ.

1566ರ ಆಗಸ್ಟ್‌ನಲ್ಲಿ, ಚರ್ಚಿನಲ್ಲಿ ವಿಗ್ರಹ ಇರಬಾರದು ಅನ್ನುವ ಪ್ರೊಟೆಸ್ಟೆಂಟ್ ಗುಂಪುಗಳು ಈ ಭಾಗದ ಚರ್ಚುಗಳಿಗೆ ನುಗ್ಗಿ ವಿಗ್ರಹ, ಚಿತ್ರಗಳನ್ನು ಒಡೆದವು. ಇದಕ್ಕೆ ಹೆದರಿಯೇ ಕಲಾವಿದರು ಅಡುಗೆಮನೆಗೆ ಇಳಿದರು ಅಂದುಕೊಳ್ಳುವುದು ಸುಲಭ. ಆದರೆ ಇಸವಿಗಳು ಒಪ್ಪುವುದಿಲ್ಲ. ಆರ್ಟ್ಸೆನ್ ಅದಕ್ಕಿಂತ 14 ವರ್ಷ ಮೊದಲೇ ಈ ದಾರಿ ಹಿಡಿದಿದ್ದ. ಅವನು ಚರ್ಚಿನ ಬಲಿಪೀಠಗಳಿಗೂ ಚಿತ್ರ ಬರೆಯುತ್ತಿದ್ದ. ಅವು ನಾಶವಾದಾಗ ಅವನು ಕೆಂಡವಾದ ಎಂದು 1604ರಲ್ಲಿ ಕಲಾವಿದರ ಜೀವನಕಥೆಗಳನ್ನು ಬರೆದ ಕಾರೆಲ್ ವಾನ್ ಮಾಂಡರ್ ಹೇಳಿದ್ದಾನೆ.

ಈ ಅಡುಗೆಮನೆ ಚಿತ್ರಗಳು ಹೊಟ್ಟೆಬಾಕತನದ ವಿರುದ್ಧ ಎಚ್ಚರಿಕೆ ಅನ್ನುವ ವಾದವಿದೆ. ಅದೇ ಕಾಲದ ಚಿತ್ರಕಾರ ಬ್ರೂಗೆಲ್‌ನ ವಿಷಯದಲ್ಲಿ ಅದನ್ನು ಸಲೀಸಾಗಿ ಒಪ್ಪಬಹುದು. ಅವನು ಬರೆದುಕೊಟ್ಟು 1563ರಲ್ಲಿ ಅಚ್ಚಾದ ಜೋಡಿ ಚಿತ್ರಗಳಲ್ಲಿ ಒಂದು ತಿಂದು ಕೊಬ್ಬಿದವರ ಅಡುಗೆಮನೆ. ಬಡಕಲ ಭಿಕ್ಷುಕನನ್ನು ಅವರು ಒದ್ದು ಹೊರಗೆ ಹಾಕುತ್ತಿದ್ದಾರೆ. ಇನ್ನೊಂದರಲ್ಲಿ ಎಲುಬು ಕಾಣುವ ಬಡವರು ದಪ್ಪನೆಯವನನ್ನು ಒಳಕ್ಕೆ ಕರೆದರೂ ಅವನು ನಿಲ್ಲುತ್ತಿಲ್ಲ.

ಆರ್ಟ್ಸೆನ್ ಮತ್ತು ಅವನ ಹೆಂಡತಿಯ ಸೋದರಳಿಯ ಯೋಆಖಿಮ್ ಬ್ಯೂಕೆಲಾರ್ ಬರೆದದ್ದು ಬೇರೆ ಥರ. ಬ್ರಸೆಲ್ಸ್‌ನಲ್ಲಿರುವ 1559ರ ಆರ್ಟ್ಸೆನ್ ಚಿತ್ರದಲ್ಲಿ ಬೈಬಲ್ ಕಥೆಯೇ ಇಲ್ಲ. ಅಡುಗೆಯಾಕೆಯೊಬ್ಬಳೇ ಇಡೀ ಚಿತ್ರ ತುಂಬಿಕೊಂಡು ನಿಂತಿದ್ದಾಳೆ. ಅಂಥ ಜಾಗ ಆಗ ಸಿಗುತ್ತಿದ್ದದ್ದು ರಾಜರಿಗೆ, ಸಂತರಿಗೆ ಅಲ್ವಾ? ಲಂಡನ್ನಿನಲ್ಲಿರುವ ಬ್ಯೂಕೆಲಾರ್‌ನ 1570ರ ‘ಬೆಂಕಿ’ ಚಿತ್ರದಲ್ಲೂ ಹಾಗೆಯೇ. ಕೋಳಿ, ಮಾಂಸದ ನಡುವೆ ದುಡಿಯುವ ಹೆಂಗಸರು ಎದುರಿಗೇ ಇದ್ದಾರೆ. ಮಾರ್ಥಾಳ ಕಥೆ ಬಾಗಿಲಾಚೆ ಸಣ್ಣದಾಗಿ ನಡೆದಿದೆ. ಬುದ್ಧಿ ಹೇಳುವುದಷ್ಟೇ ಗುರಿಯಾಗಿದ್ದರೆ ಈ ಹೆಂಗಸರನ್ನು ಇಷ್ಟು ಅಕ್ಕರೆಯಿಂದ ಬರೆಯಬೇಕಿರಲಿಲ್ಲ. ಕಲಾವಿದರಿಗೆ ಮಾರ್ಥಾಳ ದುಡಿಮೆ ಮೇಲೂ ಪ್ರೀತಿ ಇತ್ತು ಅಂತಲೇ ನನ್ನ ನಂಬಿಕೆ.

ಈ ಬಗೆಯ ಚಿತ್ರಗಳ ಅಚ್ಚುಪ್ರತಿಗಳು ದೂರದೂರ ಹೋದವು. 1618ರಲ್ಲಿ ಸ್ಪೇನಿನ ಸೆವಿಲ್‌ನಲ್ಲಿ ಹರೆಯದ ಚಿತ್ರಕಾರ ವೆಲಾಸ್ಕೆಸ್ ಇದೇ ಕಥೆಯನ್ನು ಇದೇ ಕ್ರಮದಲ್ಲಿ ಬರೆದ. ಯೇಸು, ಮರಿಯಾ ಹಿಂದೆ ಪುಟ್ಟ ಚೌಕಟ್ಟಿನೊಳಗೆ. ಮುಂದೆ ಮೀನು, ಮೊಟ್ಟೆ, ಕುಟ್ಟಾಣಿ ಹಿಡಿದು ಕುಟ್ಟುತ್ತಿರುವ ಹುಡುಗಿ.