ಎಂಬತ್ನಾಲ್ಕು ರೂಪಾಯಿ ಆರ್ಡರ್ ಹಿಡಿಯಬೇಕಾ, ಬಿಡಬೇಕಾ?

ಪೀಣ್ಯದಲ್ಲಿ ನಾಲ್ಕು ಸಿಎನ್‌ಸಿ ಲೇತ್ (ಕಂಪ್ಯೂಟರ್ ನಡೆಸುವ, ಲೋಹ ಕಡೆಯುವ ಮೆಷಿನ್) ಇಟ್ಟುಕೊಂಡ ಒಂದು ಸಣ್ಣ ಘಟಕ. ಪಂಪ್ ಕಂಪನಿಗಳಿಗೆ ಸ್ಟೀಲ್ ಬುಶ್ (ಶಾಫ್ಟಿನ ಸುತ್ತ ಕೂರುವ ಕೊಳವೆಯಂಥ ಬಿಡಿಭಾಗ) ಮಾಡಿಕೊಡುತ್ತಾರೆ, ಪೀಸಿಗೆ 106 ರೂಪಾಯಿ. ಹೊಸೂರಿನಿಂದ ಹೊಸ ಪಾರ್ಟಿಯೊಂದು ಬಂತು. 5,000 ಪೀಸ್ ಬೇಕು, ಎರಡು ತಿಂಗಳಲ್ಲಿ ಬೇಕು, ರೇಟು 84. ಮಾಲೀಕರ ಮಗ ಕಾಸ್ಟ್ ಶೀಟ್ ತೆಗೆದು ತೋರಿಸಿದ: ನಮಗೆ ಬೀಳೋದೇ 94, ಪೀಸಿಗೆ 10 ರೂಪಾಯಿ ಲಾಸು, ಒಟ್ಟು 50,000 ಹೋಗುತ್ತೆ. ಅಪ್ಪನಿಗೆ ಬಿಡೋಕೆ ಮನಸ್ಸಿಲ್ಲ. ಮೆಷಿನ್ ಖಾಲಿ ನಿಂತಿರೋದು ಅವರಿಗೆ ದಿನಾ ಕಾಣುತ್ತದೆ. ಕೊನೆಗೆ ಇಬ್ಬರೂ ಫೋನ್ ಮಾಡುವುದು ಕಾಸ್ಟ್ ಅಕೌಂಟೆಂಟ್‌ಗೆ.

ಇದು ನನ್ನ ಹತ್ತಿರ ಮತ್ತೆ ಮತ್ತೆ ಬರುವ ಪ್ರಶ್ನೆ. ಹಲವು ಘಟಕಗಳ ಲೆಕ್ಕ ಸೇರಿಸಿ, ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿ ಇಲ್ಲಿ ಒಂದೇ ಉದಾಹರಣೆ ಕೊಡುತ್ತಿದ್ದೇನೆ.

ಮೊದಲು ಆ 94 ಎಲ್ಲಿಂದ ಬಂತು ನೋಡೋಣ. ಸ್ಕ್ರಾಪ್ ಮಾರಿದ ದುಡ್ಡು ಕಳೆದು ಸ್ಟೀಲಿಗೆ 48. ಹೊರಗಡೆ ಪ್ಲೇಟಿಂಗ್‌ಗೆ 9. ಟೂಲ್, ಇನ್ಸರ್ಟ್, ಕೂಲೆಂಟ್ 4. ಕರೆಂಟ್ 4. ಆಪರೇಟರ್ ಸಂಬಳ, ಪಿಎಫ್, ಇಎಸ್‌ಐ ಎಲ್ಲ ಸೇರಿ 12. ಶೆಡ್ ಬಾಡಿಗೆ, ಮೆಷಿನ್ ಸಾಲದ ಬಡ್ಡಿ, ಸವಕಳಿ, ಆಫೀಸು, ಸೂಪರ್‌ವೈಸರ್ ಸಂಬಳ ಇವೆಲ್ಲವನ್ನೂ ವರ್ಷದ ಪೀಸುಗಳಿಗೆ ಹಂಚಿದಾಗ 17.

ಮಗ ಕೂಡಿಸಿದ್ದು ತಪ್ಪಲ್ಲ. ವರ್ಷಪೂರ್ತಿ ಮಾರುವ ರೇಟು ಎಷ್ಟಿರಬೇಕು ಅಂತ ತಿಳಿಯೋಕೆ ಈ ಶೀಟೇ ಬೇಕು. ಆದರೆ ಈಗ ಕೇಳಬೇಕಾದ ಪ್ರಶ್ನೆ ಬೇರೆ. ಈ ಆರ್ಡರ್ ಹಿಡಿದರೆ ನಮ್ಮ ಜೇಬಿನಿಂದ ಹೊಸದಾಗಿ ಏನು ಹೋಗುತ್ತೆ, ಹೊಸದಾಗಿ ಏನು ಬರುತ್ತೆ? ಹಿಡಿದರೂ ಬಿಟ್ಟರೂ ಒಂದೇ ತರ ಇರುವ ಖರ್ಚನ್ನು ಈ ಲೆಕ್ಕಕ್ಕೆ ತರಬಾರದು.

ಶೆಡ್ ಬಾಡಿಗೆ ಹೇಗಿದ್ದರೂ ಕಟ್ಟಲೇಬೇಕು. ಹಾಗಾಗಿ 17 ಹೊರಗೆ. ಆಪರೇಟರ್‌ಗಳು ತಿಂಗಳ ಸಂಬಳದವರು. ಮೆಷಿನ್ ಖಾಲಿ ಇರುವ ಹೊತ್ತಿನಲ್ಲೇ ಈ ಕೆಲಸ ಆಗೋದಾದರೆ ಅವರಿಗೆ ಹೊಸದಾಗಿ ಏನೂ ಕೊಡಬೇಕಿಲ್ಲ. 12 ಕೂಡ ಹೊರಗೆ. ಕರೆಂಟ್ ಬಿಲ್ಲಿನಲ್ಲಿ ನಿಗದಿತ ಶುಲ್ಕ ಬೇರೆ, ಯೂನಿಟ್ ಲೆಕ್ಕ ಬೇರೆ. ಯೂನಿಟ್ಟಿನದ್ದು ಮಾತ್ರ ಹೆಚ್ಚಾಗುತ್ತದೆ, ಅಂದರೆ 4ರಲ್ಲಿ 3 ಅಂದುಕೊಳ್ಳಿ. ಒಂದು ಎಚ್ಚರಿಕೆ: ಈ ಹೆಚ್ಚಿನ ಗಂಟೆಗಳು ಡೀಸೆಲ್ ಜನರೇಟರ್ ಮೇಲೆ ಓಡುವಂತಿದ್ದರೆ 3 ಅನ್ನೋದನ್ನು ಮರೆತುಬಿಡಿ.

ಇನ್ನು ಸೇರಿಸುವುದೂ ಇದೆ, ಎಷ್ಟೋ ಮಂದಿ ಇದನ್ನು ಬಿಟ್ಟುಬಿಡುತ್ತಾರೆ. ಹೊಸೂರಿನವರಿಗೆ ತುಕ್ಕು ಹಿಡಿಯದ ಪ್ಯಾಕಿಂಗ್ ಬೇಕು, 2 ರೂಪಾಯಿ. ಹಳೇ ಗಿರಾಕಿಗಳು ತಾವೇ ಬಂದು ಎತ್ತಿಕೊಂಡು ಹೋಗುತ್ತಾರೆ, ಇವರಿಗೆ ಕಳಿಸಿಕೊಡಬೇಕು, 1 ರೂಪಾಯಿ. ಡ್ರಾಯಿಂಗ್ ಸ್ವಲ್ಪ ಬೇರೆ. ಹಾಗಾಗಿ ಹೊಸ ಗೇಜು (ಅಳತೆ ನೋಡುವ ಸಾಧನ), ಸಾಫ್ಟ್ ಜಾ (ಲೇತಿನಲ್ಲಿ ಪೀಸು ಹಿಡಿಯುವ ದವಡೆ), ಸ್ಯಾಂಪಲ್ ಮಾಡುವಾಗ ಹಾಳಾಗುವ ಮಾಲು ಸೇರಿ ಒಂದೇ ಸಲದ ಖರ್ಚು 15,000.

ಈಗ ಕೂಡಿಸಿ. 48, 9, 4, 3, 2, 1. ಒಟ್ಟು 67. ಮಾರುವುದು 84ಕ್ಕೆ. ಪೀಸಿಗೆ 17 ರೂಪಾಯಿ ಉಳಿಯುತ್ತದೆ. 5,000 ಪೀಸಿಗೆ 85,000. ಗೇಜಿನ 15,000 ಕಳೆದರೆ 70,000. ಕಾಸ್ಟ್ ಶೀಟಿನಲ್ಲಿ 50,000 ಲಾಸು ಅಂತ ಕಂಡ ಆರ್ಡರ್ ಇದೇ.

ಸ್ಟೀಲಿನ ಬಗ್ಗೆ ಒಂದು ಮಾತು. ಕೆಲವರು ಹೇಳುತ್ತಾರೆ, 'ಸಾರ್, ಸ್ಟೋರಿನಲ್ಲಿ ಹಳೇ ರೇಟಿನ ಬಾರ್ ಇದೆ, ನನಗೆ 41 ರೂಪಾಯಿಗೇ ಬಿದ್ದಿದೆ' ಅಂತ. ಆ ಬಾರ್ ನಿಮ್ಮ ದಿನದ ಕೆಲಸಕ್ಕೂ ಬಳಕೆಯಾಗುವ ಸೈಜ್ ಆಗಿದ್ದರೆ, ಇವತ್ತು ಇಲ್ಲಿ ಖರ್ಚು ಮಾಡಿದ್ದನ್ನು ನಾಳೆ ಇವತ್ತಿನ ರೇಟಿಗೇ ಕೊಂಡು ತುಂಬಬೇಕು. ಹಾಗಾಗಿ 48ನ್ನೇ ಹಿಡಿಯಿರಿ. ಅದೇ ಬಾರ್ ಯಾವುದೋ ರದ್ದಾದ ಆರ್ಡರ್‌ದು, ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದೆ, ಬೇರೆ ಯಾವುದಕ್ಕೂ ಆಗಿಬರಲ್ಲ ಅಂದರೆ ಕೊಂಡ ರೇಟನ್ನು ಪೂರ್ತಿ ಮರೆಯಿರಿ. ಗುಜರಿಗೆ ಹಾಕಿದರೆ ಎಷ್ಟು ಸಿಗುತ್ತಿತ್ತೋ ಅಷ್ಟೇ ಅದರ ಬೆಲೆ. ಹೀಗೆ ಮೂಲೆಯ ಮಾಲು ಖಾಲಿ ಮಾಡುವ ಆರ್ಡರ್ ಬಂದರೆ ನಾನು ರೇಟಿನ ಬಗ್ಗೆ ಜಾಸ್ತಿ ತಕರಾರು ಮಾಡಲ್ಲ.

70,000 ಲಾಭ ಅಂದ ಮೇಲೆ ಸಹಿ ಹಾಕೋದಷ್ಟೇ ಬಾಕಿ ಅಲ್ವಾ? ಅಲ್ಲ. ಇಲ್ಲಿಯವರೆಗೆ ನಾವು ಮೆಷಿನ್ ಖಾಲಿ ಇದೆ ಅಂತ ಸುಮ್ನೆ ನಂಬಿಕೊಂಡು ಬಂದಿದ್ದೇವೆ. ಎಷ್ಟು ಖಾಲಿ ಇದೆ?

ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಇರುವ ಸಣ್ಣ ಘಟಕಗಳು ಕಮ್ಮಿ. ಮಾಲೀಕರು 'ಅರ್ಧ ಖಾಲಿ' ಅನ್ನುತ್ತಾರೆ. ಸೂಪರ್‌ವೈಸರ್ 'ಪೂರ್ತಿ ಫುಲ್' ಅನ್ನುತ್ತಾನೆ. ಪ್ರೊಡಕ್ಷನ್ ರಿಜಿಸ್ಟರ್ ತೆಗೆದು, ಸೆಟ್ಟಿಂಗ್‌ಗೆ ಹೋಗುವ ಹೊತ್ತು, ರಿಪೇರಿಗೆ ನಿಲ್ಲುವ ಹೊತ್ತು ಕಳೆದು ನೋಡಿದಾಗ ನಮ್ಮ ಘಟಕದಲ್ಲಿ ಸಿಕ್ಕಿದ್ದು ತಿಂಗಳಿಗೆ 190 ಗಂಟೆ. ಎರಡು ತಿಂಗಳಿಗೆ 380. ಗಂಟೆಗೆ 10 ಪೀಸ್ ಬರುತ್ತದೆ, ಆರ್ಡರ್‌ಗೆ ಬೇಕಾದ್ದು 500 ಗಂಟೆ. ಅಂದರೆ 120 ಗಂಟೆ ಕೊರತೆ, 1,200 ಪೀಸು.

ಈ 1,200 ಪೀಸಿನಿಂದ ಬರುವುದು ಪೀಸಿಗೆ 17ರಂತೆ 20,400 ರೂಪಾಯಿ. ಅದನ್ನು ಮಾಡೋಕೆ ಎರಡು ದಾರಿ. ಒಂದು, ಓಟಿ, ಅಂದರೆ ಹೆಚ್ಚುವರಿ ಹೊತ್ತಿನ ಕೆಲಸ. ಕಾನೂನಿನ ಪ್ರಕಾರ ಓಟಿಗೆ ಎರಡು ಪಟ್ಟು ಕೂಲಿ. ಆಪರೇಟರ್‌ಗೆ ಗಂಟೆಗೆ 100 ಅಂದುಕೊಂಡರೂ ಓಟಿಗೆ 200, ಒಟ್ಟು 24,000. ಬರುವುದಕ್ಕಿಂತ ಹೋಗುವುದೇ 3,600 ಜಾಸ್ತಿ. ಎರಡು, ಹಳೇ ಗಿರಾಕಿಯ ಕೆಲಸ ನಿಲ್ಲಿಸಿ ಇದನ್ನು ಹಾಕುವುದು. ಹಳೇ ಗಿರಾಕಿಯ ಬುಶ್ 106ಕ್ಕೆ ಹೋಗುತ್ತದೆ, ಅದಕ್ಕೆ ಪ್ಯಾಕಿಂಗ್, ಸಾಗಣೆಯ 3 ಇಲ್ಲದೆ ಕೈಯಿಂದ ಬೀಳುವುದು 64, ಉಳಿಯುವುದು 42. ಗಂಟೆಗೆ 420 ರೂಪಾಯಿ. ಹೊಸ ಆರ್ಡರ್ ಗಂಟೆಗೆ ಕೊಡುವುದು 170. 120 ಗಂಟೆ ಬದಲಾಯಿಸಿದರೆ 50,400 ಬಿಟ್ಟು 20,400 ಹಿಡಿದಂತೆ. ಹಳೇ ಗಿರಾಕಿಗೆ ಮಾಲು ತಡವಾಗಿ ಅವನ ಲೈನ್ ನಿಂತರೆ ಬರುವ ಬೈಗುಳ ಈ ಲೆಕ್ಕದಲ್ಲಿಲ್ಲ.

ಅಂದರೆ ಆರ್ಡರಿನ ಮೊದಲ 3,800 ಪೀಸು ಲಾಭ, ಕೊನೆಯ 1,200 ಲಾಸು. ಒಂದೇ ಬುಶ್, ಒಂದೇ ರೇಟು. 3,800 ಮಾತ್ರ ಒಪ್ಪಿಕೊಂಡರೆ ಗೇಜಿನ ಖರ್ಚು ಕಳೆದು 49,600 ಉಳಿಯುತ್ತದೆ. ಓಟಿ ಮಾಡಿಸಿ 5,000 ಪೂರ್ತಿ ಕೊಟ್ಟರೆ 46,000. ಜಾಸ್ತಿ ಕೆಲಸ, ಕಮ್ಮಿ ದುಡ್ಡು.

ನಮ್ಮವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಚೌಕಾಸಿ ಅಂದರೆ ರೇಟಿನ ಚೌಕಾಸಿ ಅಂತ ಎಲ್ಲರೂ ಅಂದುಕೊಂಡಿದ್ದಾರೆ. 84ನ್ನು 86 ಮಾಡೋಕೆ ಮೂರು ಸಲ ಹೊಸೂರಿಗೆ ಹೋಗಿ ಕಾಫಿ ಕುಡಿದು ಬರುತ್ತಾರೆ. ಆ 2 ರೂಪಾಯಿಯಿಂದ ಬರುವುದು 10,000. ಅದರ ಬದಲು ಇನ್ನೊಂದು ತಿಂಗಳು ಟೈಮ್ ಕೇಳಿ. ಮೂರು ತಿಂಗಳಿಗೆ 570 ಗಂಟೆ ಖಾಲಿ ಸಿಗುತ್ತದೆ, ಓಟಿ ಬೇಡ, ಯಾರ ಕೆಲಸವನ್ನೂ ನಿಲ್ಲಿಸೋದು ಬೇಡ, 70,000 ಪೂರ್ತಿ ನಿಮ್ಮದು. ಓಟಿಯ ದಾರಿಗೆ ಹೋಲಿಸಿದರೆ 24,000 ಜಾಸ್ತಿ. ಖರೀದಿ ವಿಭಾಗದವನಿಗೆ ರೇಟು ಬಿಡೋಕೆ ಮೇಲಿನವರ ಒಪ್ಪಿಗೆ ಬೇಕು. ದಿನಾಂಕ ಬಿಡೋಕೆ ಬಹಳ ಸಲ ಬೇಡ. ಅವನಿಗೂ 5,000 ಪೀಸು ಒಂದೇ ದಿನ ಬೇಕಿರುವುದಿಲ್ಲ. ಕಂತಿನಲ್ಲಿ ಕೊಡುತ್ತೇನೆ, ಮೊದಲ ಲಾಟ್ ಇಂಥ ದಿನ ಅಂದರೆ ಎಷ್ಟೋ ಕಡೆ ಒಪ್ಪುತ್ತಾರೆ. ನನ್ನ ಸಲಹೆ ಯಾವಾಗಲೂ ಇದೇ: ರೇಟಿಗೆ ಜಗ್ಗುವ ಮೊದಲು ದಿನಾಂಕಕ್ಕೆ ಜಗ್ಗಿ.

ಎಲ್ಲ ಉದ್ಯಮದಲ್ಲೂ ಕೊರತೆ ಮೆಷಿನ್ ಗಂಟೆಯದ್ದೇ ಆಗಬೇಕಿಲ್ಲ. ಚನ್ನಪಟ್ಟಣದ ಬೊಂಬೆಯವರಿಗೆ ದೀಪಾವಳಿ ಗಿಫ್ಟ್ ಅಂತ ಯಾವುದೋ ಕಂಪನಿಯಿಂದ ದೊಡ್ಡ ಆರ್ಡರ್ ಬಂದರೆ ಅಲ್ಲಿ ಮೊದಲು ನೋಡಬೇಕಾದ್ದು ಒಣಗಿದ ಆಲೆ ಮರ ಎಷ್ಟಿದೆ ಅಂತ. ಹಸಿ ಮರ ಒಣಗೋಕೆ ತಿಂಗಳುಗಟ್ಟಲೆ ಬೇಕು. ದುಡ್ಡು ಕೊಟ್ಟರೂ ಅದು ಬೇಗ ಒಣಗಲ್ಲ. ನಿಮ್ಮಲ್ಲಿ ಯಾವುದು ಮೊದಲು ಖಾಲಿಯಾಗುತ್ತೋ ಅದರ ಲೆಕ್ಕದಲ್ಲೇ ಆರ್ಡರನ್ನು ಅಳೆಯಿರಿ. ಅರಗು ಹಾಕುವ ಕೈ ಆಗಿರಬಹುದು, ಬೆಳಗಾವಿಯ ಫೌಂಡ್ರಿಯಲ್ಲಿ ಫರ್ನೇಸಿನ ಹೀಟ್ (ಒಂದು ಸಲ ಲೋಹ ಕರಗಿಸುವುದು) ಆಗಿರಬಹುದು.

ಇನ್ನು ಮೂರನೇ ಆರ್ಡರಿನ ಸಮಸ್ಯೆ. ಮೊದಲ ಸಲ 84ಕ್ಕೆ ಕೊಟ್ಟಿದ್ದು ಸರಿ. ಆರು ತಿಂಗಳ ಮೇಲೆ ಅವನೇ ಬಂದು 'ಹಳೇ ರೇಟಿಗೇ 5,000 ಹಾಕಿ' ಅನ್ನುತ್ತಾನೆ. ಮತ್ತೆ ಇನ್ನೊಂದು. ಅಷ್ಟೊತ್ತಿಗೆ ಅದು ಸ್ಪೆಷಲ್ ಆರ್ಡರ್ ಆಗಿ ಉಳಿದಿರುವುದಿಲ್ಲ, ನಿಮ್ಮ ಮಾಮೂಲಿ ಕೆಲಸ ಆಗಿರುತ್ತದೆ. ವಾಪಸ್ ಬರುವಾಗ ಖಾಲಿ ಬರುವ ಬದಲು ಸಿಕ್ಕಿದ ಬಾಡಿಗೆಗೆ ಲೋಡ್ ಹಾಕಿಕೊಳ್ಳುವ ಲಾರಿಯವನು ಜಾಣ. ಅದೇ ಬಾಡಿಗೆಗೆ ಹೋಗುವ ಟ್ರಿಪ್ಪನ್ನೂ ಒಪ್ಪಿಕೊಂಡರೆ ಲಾರಿ ಕಂತು ಕಟ್ಟೋಕಾಗಲ್ಲ. ಆ 17 ರೂಪಾಯಿ ಬಾಡಿಗೆ, ಬಡ್ಡಿಯನ್ನು ಯಾರಾದರೂ ಹೊರಲೇಬೇಕಲ್ಲ. ಹಾಗಾಗಿ ಕೊಟೇಷನ್‌ನಲ್ಲೇ ಬರೆಯಿರಿ: ಈ ರೇಟು ಈ ಪಿಒಗೆ (ಖರೀದಿ ಆದೇಶಕ್ಕೆ) ಮಾತ್ರ, ಇಷ್ಟು ಪೀಸಿಗೆ ಮಾತ್ರ, ಇಂಥ ತಾರೀಖಿನವರೆಗೆ ಮಾತ್ರ. ಎರಡನೇ ಸಲಕ್ಕೆ ಶೀಟಿನ 94ಕ್ಕೆ ಪ್ಯಾಕಿಂಗ್, ಸಾಗಣೆಯ 3 ಸೇರಿ 97ರ ಕೆಳಗೆ ಇಳಿಯುವುದಾದರೆ ಯಾಕೆ ಇಳಿಯುತ್ತಿದ್ದೇವೆ ಅಂತ ಮತ್ತೆ ಕೂತು ಲೆಕ್ಕ ಹಾಕಿ.

ಪೀಣ್ಯ ಎಷ್ಟೇ ದೊಡ್ಡದಿರಲಿ, ರೇಟಿನ ವಿಷಯದಲ್ಲಿ ಒಂದು ಹಳ್ಳಿ. ಪ್ಲೇಟಿಂಗ್ ಅಂಗಡಿಯಲ್ಲಿ ಎಲ್ಲರ ಮಾಲೂ ಅಕ್ಕಪಕ್ಕ ಇರುತ್ತದೆ. ಖರೀದಿ ಮ್ಯಾನೇಜರ್‌ಗಳು ಕಂಪನಿ ಬದಲಾಯಿಸುತ್ತಾರೆ. 106 ಕೊಡುತ್ತಿರುವ ಗಿರಾಕಿ ವರ್ಷಕ್ಕೆ 30,000 ಪೀಸು ತಗೋತಾನೆ ಅಂದುಕೊಳ್ಳಿ. 84ರ ಸುದ್ದಿ ಕೇಳಿ ಅವನು ಬರೀ 5 ರೂಪಾಯಿ ಇಳಿಸಿದರೂ 1,50,000 ಹೋಯಿತು, 70,000ದ ಆಸೆಗೆ. ಡ್ರಾಯಿಂಗ್, ಸೈಜು ಪೂರ್ತಿ ಬೇರೆ ಇದ್ದರೆ ಈ ಭಯ ಕಮ್ಮಿ. ಅದೇ ಸೈಜು, ಅದೇ ಪಂಪ್ ಮಾರುಕಟ್ಟೆ ಆದರೆ ನಾನು ಬೇಡ ಅನ್ನುತ್ತೇನೆ.

ಹಾಗಂತ ಎಲ್ಲವೂ ದುಡ್ಡಿನ ಲೆಕ್ಕದಲ್ಲೇ ತೀರುವುದಿಲ್ಲ. ಕೆಲಸ ಇಲ್ಲದ ತಿಂಗಳುಗಳಲ್ಲಿ ಮೆಷಿನ್ ಸೆಟ್ ಮಾಡುವ ಒಳ್ಳೆ ಸೆಟ್ಟರ್ ಪಕ್ಕದ ಶೆಡ್ಡಿಗೆ ಹೋಗಿಬಿಡುತ್ತಾನೆ. ಅವನನ್ನು ಉಳಿಸಿಕೊಳ್ಳೋಕೆ ಲಾಭ ಸೊನ್ನೆ ಇರುವ ಆರ್ಡರ್ ಹಿಡಿದವರನ್ನು ನೋಡಿದ್ದೇನೆ, ಅದು ತಪ್ಪು ಅನಿಸಿಲ್ಲ.

ಕೊನೆಗೆ ಬರುವುದು ದುಡ್ಡು ಯಾವಾಗ ಬರುತ್ತೆ ಅನ್ನೋದು. ಕಮ್ಮಿ ರೇಟು ಕೇಳುವವನೇ 90 ದಿನದ ಕ್ರೆಡಿಟ್ಟನ್ನೂ ಕೇಳುತ್ತಾನೆ. ಮಾಲಿಗೆ, ಗೇಜಿಗೆ ನೀವು ಹಾಕುವುದು ಸುಮಾರು 3,50,000. ಅದು ನಾಲ್ಕು ತಿಂಗಳು ಸಿಕ್ಕಿಕೊಂಡರೆ ಶೇ 12ರ ಓಡಿಯಲ್ಲಿ (ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದಲ್ಲಿ) 14,000 ಬಡ್ಡಿ. 70,000 ಈಗ 56,000 ಆಯಿತು. ಜಿಎಸ್‌ಟಿ ಬೇರೆ ಇದೆ. 4,20,000ದ ಬಿಲ್ಲಿಗೆ ಶೇ 18 ಅಂದರೆ 75,600. ಸ್ಟೀಲು, ಪ್ಲೇಟಿಂಗ್ ಮೇಲೆ ಮೊದಲೇ ಕಟ್ಟಿದ ಜಿಎಸ್‌ಟಿ ಕಳೆದರೂ 20,000ಕ್ಕಿಂತ ಜಾಸ್ತಿ ಕೈಯಿಂದ ಕಟ್ಟಬೇಕು. ಪಾರ್ಟಿ ದುಡ್ಡು ಕೊಟ್ಟನೋ ಇಲ್ಲವೋ ಇಲಾಖೆ ಕೇಳಲ್ಲ.

ಸರ್ಕಾರದ ಉದ್ಯಮ್ ನೋಂದಣಿ ಇರುವ ಸೂಕ್ಷ್ಮ, ಸಣ್ಣ ಘಟಕಗಳಿಗೆ 2006ರ ಎಂಎಸ್‌ಎಂಇ ಕಾಯ್ದೆಯ ಬಲ ಇದೆ. ಬರವಣಿಗೆಯಲ್ಲಿ ಏನೇ ಒಪ್ಪಂದ ಇದ್ದರೂ ಮಾಲು ಒಪ್ಪಿಕೊಂಡ ದಿನದಿಂದ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಹೇಳುವ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ. ಆದರೆ ಗಿರಾಕಿಯ ಮೇಲೆ ದೂರು ಕೊಟ್ಟು ಅವನ ಹತ್ತಿರವೇ ಮುಂದಿನ ಆರ್ಡರ್ ಕೇಳುವ ಧೈರ್ಯ ಎಷ್ಟು ಮಂದಿಗಿದೆ? ಅದಕ್ಕಿಂತ ಕೆಲಸಕ್ಕೆ ಬಂದಿದ್ದು ಆದಾಯ ತೆರಿಗೆ ನಿಯಮ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಬದಲಾವಣೆಯ ಪ್ರಕಾರ, ಗಡುವು ಮೀರಿ ಬಾಕಿ ಇಟ್ಟ ಬಿಲ್ಲನ್ನು ಖರೀದಿದಾರ ಆ ವರ್ಷದ ಖರ್ಚಿಗೆ ಹಾಕಿಕೊಳ್ಳುವಂತಿಲ್ಲ, ಕೊಟ್ಟ ವರ್ಷದಲ್ಲಷ್ಟೇ ಹಾಕಿಕೊಳ್ಳಬಹುದು. ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಎದ್ದು ಕಾಣುವಂತೆ ಹಾಕಿ. ಮಾರ್ಚ್ ಹತ್ತಿರ ಬಂದಾಗ ಆ ಕಡೆಯ ಅಕೌಂಟೆಂಟೇ ನಿಮ್ಮ ಪರವಾಗಿ ಮಾತಾಡುತ್ತಾನೆ.

ಇನ್ನೂ ಒಂದು ದಾರಿ ಇದೆ, ನನಗೆ ಇಷ್ಟವಾದದ್ದು. ಸ್ಟೀಲ್ ಅವರೇ ಕೊಡಲಿ, ನಾವು ಲೇಬರ್ ಜಾಬ್ ಮಾಡಿಕೊಡುತ್ತೇವೆ ಅನ್ನಿ. 84ರಲ್ಲಿ ಸ್ಟೀಲಿನ 48 ಕಳೆದು 36ಕ್ಕೆ ಕೊಟೇಷನ್ ಕೊಡಿ. ನಿಮಗೆ ಉಳಿಯುವುದು ಅದೇ 17. ನಿಮ್ಮ ಕೈಯಿಂದ 2,40,000 ಹಾಕೋದು ತಪ್ಪುತ್ತದೆ, ಬಡ್ಡಿಯೂ ಇಳಿಯುತ್ತದೆ. 36 ಅನ್ನುವ ರೇಟನ್ನು ಹಳೇ ಗಿರಾಕಿ ಕೇಳಿಸಿಕೊಂಡರೂ 106ರ ಪಕ್ಕ ಇಟ್ಟು ಜಗಳ ಆಡೋಕೆ ಅಷ್ಟು ಸುಲಭ ಅಲ್ಲ. ಒಂದೇ ಷರತ್ತು. 48 ಅನ್ನೋದು ಸ್ಕ್ರಾಪ್ ದುಡ್ಡು ಕಳೆದ ಮೇಲಿನ ಲೆಕ್ಕ, ಹಾಗಾಗಿ ಸ್ಕ್ರಾಪ್ ಅವರಿಗೆ ವಾಪಸ್ ಹೋದರೆ ಮಾತ್ರ 36 ಸರಿ. ನಿಮ್ಮಲ್ಲೇ ಉಳಿದರೆ ಅವರು ರೇಟಿನಲ್ಲಿ ಕಡಿಯುತ್ತಾರೆ. ರಿಜೆಕ್ಟ್ ಆದ ಪೀಸಿನ ಸ್ಟೀಲ್ ಯಾರ ತಲೆಗೆ, ಎಷ್ಟು ಪೀಸಿನವರೆಗೆ ಮಾಫಿ ಅನ್ನೋದನ್ನೂ ಬಾರ್ ಇಳಿಸಿಕೊಳ್ಳುವ ಮೊದಲೇ ಪಿಒದಲ್ಲಿ ಬರೆಸಿಕೊಳ್ಳಿ.