ಟವರ್ ಸತ್ತಾಗ ಘಟ್ಟ ದಾಟುವ ದನಿ: ಹ್ಯಾಮ್ ರೇಡಿಯೊ ಮತ್ತು ನಮ್ಮ ಉತ್ತರ ಕನ್ನಡ

1978ರಲ್ಲಿ ಕೇಂದ್ರ ಸರ್ಕಾರ ಹವ್ಯಾಸಿ ರೇಡಿಯೊಗೆಂದು, ಅಂದರೆ ಹ್ಯಾಮ್ ರೇಡಿಯೊಗೆಂದು, ನಿಯಮಗಳನ್ನು ಮಾಡಿತು. ಅದರಲ್ಲಿ 'ಕೂಡದು'ಗಳೇ ಜಾಸ್ತಿ. ದುಡ್ಡು ತೆಗೆದುಕೊಂಡು ಸಂದೇಶ ಕಳಿಸುವುದು ಕೂಡದು. ಹಾಡು ಹಾಕುವುದು ಕೂಡದು. ವ್ಯಾಪಾರದ ಮಾತು ಕೂಡದು. ಬೇರೆಯವರ ಪರವಾಗಿ ಸುದ್ದಿ ಮುಟ್ಟಿಸುವುದೂ ಕೂಡದು. ಆದರೆ ಈ ಕೊನೆಯದಕ್ಕೆ ಒಂದು ವಿನಾಯಿತಿ ಇದೆ. ಭೂಕಂಪ, ನೆರೆ, ಚಂಡಮಾರುತ, ದೊಡ್ಡ ಬೆಂಕಿ ಬಂದು ಮಾಮೂಲಿ ಸಂಪರ್ಕ ಕೆಟ್ಟಾಗ ಹವ್ಯಾಸಿಗಳು ಸಂದೇಶ ಸಾಗಿಸಬಹುದು. ಆ ಸಂದೇಶ ಯಾರಿಂದ ಹೊರಡಬೇಕು, ಯಾರಿಗೆ ತಲುಪಬೇಕು ಅನ್ನುವುದನ್ನೂ ನಿಯಮವೇ ಹೇಳುತ್ತದೆ: ಜಿಲ್ಲಾಧಿಕಾರಿ, ಇಲ್ಲವೇ ಅವರು ಅಧಿಕಾರ ಕೊಟ್ಟ ಅಧಿಕಾರಿ.

ಅಂದರೆ ನಮ್ಮ ಜಿಲ್ಲೆಯ ಮಟ್ಟಿಗೆ ಈ ಬಾಗಿಲು ತೆರೆಯುವುದು ಕಾರವಾರದ ಡಿಸಿ ಕಚೇರಿಯಿಂದ. ಗುಡ್ಡ ಕುಸಿದ ರಾತ್ರಿ ಆ ಕಚೇರಿಗೆ ಬಂದು ನಿಲ್ಲುವ ಹ್ಯಾಮ್ ಯಾರು, ಆಚೆ ತುದಿಯಲ್ಲಿ ಕೇಳಿಸಿಕೊಳ್ಳುವವರು ಯಾರು? ಮಳೆಗಾಲಕ್ಕೆ ಮೊದಲೇ ಉತ್ತರ ಸಿದ್ಧವಾಗಿರಬೇಕಾದ ಪ್ರಶ್ನೆ ಇದು.

ಹ್ಯಾಮ್ ಅಂದರೆ ಪರೀಕ್ಷೆ ಬರೆದು, ಸರ್ಕಾರದಿಂದ ಲೈಸೆನ್ಸ್ ಪಡೆದು, ಸ್ವಂತ ರೇಡಿಯೊದಲ್ಲಿ ಮಾತಾಡುವ ಹವ್ಯಾಸಿ. ಪ್ರತಿಯೊಬ್ಬರಿಗೂ ಒಂದು ಕಾಲ್ ಸೈನ್, ಅಂದರೆ ಗುರುತಿನ ಸಂಕೇತ, ಇರುತ್ತದೆ. ನಮ್ಮ ದೇಶದಲ್ಲಿ ಅದು ಹೆಚ್ಚಾಗಿ ವಿಯು2 ಅಥವಾ ವಿಯು3 ಎಂದು ಶುರುವಾಗುತ್ತದೆ. ಕರಾವಳಿಯಲ್ಲಿ ವಾಯರ್‌ಲೆಸ್ ಎಂದರೆ ತಟ್ಟನೆ ನೆನಪಾಗುವುದು ಬೋಟಿನ ಸೆಟ್ಟು. ಅದು ಬೇರೆ, ಇದು ಬೇರೆ. ಬೋಟುಗಳು ಅಪಾಯದಲ್ಲಿ ಕರೆಯುವುದು 156.8 ಮೆಗಾಹರ್ಟ್ಸ್‌ನ 16ನೇ ಚಾನಲ್‌ನಲ್ಲಿ. ಅದು ಸಮುದ್ರಕ್ಕೆ ಮೀಸಲು. ಪೊಲೀಸರ ವಾಯರ್‌ಲೆಸ್ ಕೂಡ ಪ್ರತ್ಯೇಕ. ಹ್ಯಾಮ್‌ಗಳಿಗೆ ಕೊಟ್ಟಿರುವ ತರಂಗಗಳೇ ಬೇರೆ. 7 ಮೆಗಾಹರ್ಟ್ಸ್, 14 ಮೆಗಾಹರ್ಟ್ಸ್ ಮತ್ತು ಊರೊಳಗಿನ ಮಾತಿಗೆ 144ರಿಂದ 146 ಮೆಗಾಹರ್ಟ್ಸ್ ಹೆಚ್ಚು ಬಳಕೆಯಲ್ಲಿವೆ.

ಈ ಹವ್ಯಾಸಕ್ಕೆ ನೂರು ವರ್ಷ ದಾಟಿದೆ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ಅಮೆರಿಕ ಕಾನೂನು ಬಿಗಿ ಮಾಡಿತು. ಹವ್ಯಾಸಿಗಳನ್ನು 200 ಮೀಟರ್‌ಗಿಂತ ಚಿಕ್ಕ ತರಂಗಗಳಿಗೆ ತಳ್ಳಿತು. ಆ ತರಂಗಗಳು ದೂರಕ್ಕೆ ಕೆಲಸಕ್ಕೆ ಬರುವುದಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ಹವ್ಯಾಸಿಗಳು ಬಿಡಲಿಲ್ಲ. 1921ರ ಡಿಸೆಂಬರಿನಲ್ಲಿ ಅಮೆರಿಕದ ಹವ್ಯಾಸಿಗಳ ಸಂಕೇತ ಸ್ಕಾಟ್ಲೆಂಡಿನಲ್ಲಿ ಕೇಳಿಸಿತು. ಬೇಡವೆಂದು ಬಿಸಾಕಿದ ತರಂಗವೇ ಸಾಗರ ದಾಟಿತ್ತು. ಭಾರತದ ಮೊದಲ ಹ್ಯಾಮ್ ಎಂದು ಹೆಸರಾದ ಅಮರೇಂದ್ರ ಚಂದ್ರ ಗುಪ್ತು ಅವರಿಗೆ ಲೈಸೆನ್ಸ್ ಸಿಕ್ಕಿದ್ದೂ 1921ರಲ್ಲೇ. 1939ರಲ್ಲಿ ಯುದ್ಧ ಬಂದಾಗ ಬ್ರಿಟಿಷರು ಹವ್ಯಾಸಿಗಳ ಲೈಸೆನ್ಸ್ ನಿಲ್ಲಿಸಿದರು. 1942ರಲ್ಲಿ ಮುಂಬಯಿಯಿಂದ ಗುಟ್ಟಾಗಿ ಮಾತಾಡಿದ ಕಾಂಗ್ರೆಸ್ ರೇಡಿಯೊದ ಹಿಂದೆಯೂ ಹವ್ಯಾಸಿಯೊಬ್ಬರ ಕೈಯಿತ್ತು.

ನಮ್ಮ ಜಿಲ್ಲೆಗೂ ರೇಡಿಯೊದ ಒಂದು ಕಥೆ ಇದೆ. ಅದು ಹ್ಯಾಮ್‌ಗಳದ್ದಲ್ಲ, ಆದರೂ ಹೇಳಲೇಬೇಕು. ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದಾಗ, 1955ರಲ್ಲಿ ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ ಗಡಿಯ ಕಾಡಿನಿಂದ ಒಂದು ಗುಪ್ತ ರೇಡಿಯೊ ಶುರು ಮಾಡಿದರು. ಮೊದಲು ಅಂಬೋಲಿ ಘಟ್ಟದಲ್ಲಿ, ಆಮೇಲೆ ನಮ್ಮ ಕ್ಯಾಸಲ್‌ರಾಕ್‌ನಲ್ಲಿ. ಕೊಂಕಣಿ ಮತ್ತು ಪೋರ್ಚುಗೀಸ್ ಭಾಷೆಯಲ್ಲಿ ಸುದ್ದಿ ಓದುತ್ತಿದ್ದರು. 1961ರಲ್ಲಿ ಗೋವಾ ಬಿಡುಗಡೆ ಆಗುವವರೆಗೂ ಆ ದನಿ ನಿಲ್ಲಲಿಲ್ಲ. ಕಾಡಿನ ನಡುವೆ ಕೂತು, ಕೈಯಲ್ಲಿದ್ದ ಸಲಕರಣೆಯಲ್ಲಿ ಗಡಿಯಾಚೆಗೆ ಮಾತು ಮುಟ್ಟಿಸಬಹುದು ಎಂದು ಈ ನೆಲದಲ್ಲೇ ಇಬ್ಬರು ತೋರಿಸಿಕೊಟ್ಟಿದ್ದಾರೆ.

ವಿಪತ್ತಿನ ದಿನಗಳಲ್ಲಿ ಹ್ಯಾಮ್‌ಗಳ ಹೆಸರು ಮತ್ತೆ ಮತ್ತೆ ಬರುತ್ತದೆ. 1993ರ ಲಾತೂರ್ ಭೂಕಂಪ, 1999ರ ಒಡಿಶಾ ಚಂಡಮಾರುತ, 2001ರ ಭುಜ್ ಭೂಕಂಪ. ಟೆಲಿಫೋನ್ ಎಕ್ಸ್‌ಚೇಂಜ್ ಬಿದ್ದುಹೋದ ಊರುಗಳಿಗೆ ಇವರು ರೇಡಿಯೊ, ಬ್ಯಾಟರಿ, ತಂತಿ ಹೊತ್ತುಕೊಂಡು ಹೋದರು. ಔಷಧಿ ಎಲ್ಲಿ ಬೇಕು, ಯಾರು ಬದುಕಿದ್ದಾರೆ ಎಂದು ಹೊರಗೆ ತಿಳಿಸಿದರು.

2004ರ ಸುನಾಮಿಯ ಕಥೆ ಮಾತ್ರ ಬೇರೆ ತರಹದ್ದು, ಸ್ವಲ್ಪ ನಿಂತು ಹೇಳಬೇಕು. ಅಂಡಮಾನಿನಲ್ಲಿ ಹ್ಯಾಮ್ ರೇಡಿಯೊ ಬಳಕೆಗೆ ವರ್ಷಗಟ್ಟಲೆ ಅನುಮತಿ ಇರಲಿಲ್ಲ. ಹಾಗಾಗಿ ಜಗತ್ತಿನ ಹ್ಯಾಮ್‌ಗಳಿಗೆಲ್ಲ ಆ ದ್ವೀಪಗಳ ಜೊತೆ ಒಮ್ಮೆ ಮಾತಾಡಬೇಕೆಂಬ ಆಸೆ. ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ಭಾರತಿ ಪ್ರಸಾದ್ ಬಹಳ ಪ್ರಯತ್ನಪಟ್ಟು ಅನುಮತಿ ತಂದರು. ಡಿಸೆಂಬರಿನಲ್ಲಿ ತಂಡದೊಂದಿಗೆ ಪೋರ್ಟ್ ಬ್ಲೇರ್‌ನ ಹೋಟೆಲೊಂದರಲ್ಲಿ ಆಂಟೆನಾ ಏರಿಸಿ ಕೂತರು. ಅದು ಅಪ್ಪಟ ಹವ್ಯಾಸದ ಕೆಲಸ. 26ರ ಬೆಳಿಗ್ಗೆ ನೆಲ ನಡುಗಿತು, ಆಮೇಲೆ ಸಮುದ್ರ ಬಂತು. ಫೋನುಗಳು ಹೋದವು. ಹಿಂದಿನ ದಿನದವರೆಗೆ ದೇಶ ವಿದೇಶದ ಗೆಳೆಯರಿಗೆ ನಮಸ್ಕಾರ ಹೇಳುತ್ತಿದ್ದ ಅದೇ ರೇಡಿಯೊ, ದ್ವೀಪದಲ್ಲಿರುವ ತಮ್ಮವರು ಬದುಕಿದ್ದಾರಾ ಎಂದು ಕೇಳುವವರಿಗೆ ಉತ್ತರ ಹೇಳತೊಡಗಿತು. ಮುಂದೆ ಕಾರ್ ನಿಕೋಬಾರ್‌ನಲ್ಲೂ ಹ್ಯಾಮ್ ಕೇಂದ್ರ ನಡೆಯಿತು.

ಈ ಘಟನೆಯನ್ನು ಸಾಮಾನ್ಯವಾಗಿ ಸಾಹಸದ ಕಥೆಯಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಇನ್ನೊಂದು. ಅವರು ಮೊದಲೇ ಅಲ್ಲಿದ್ದರು. ಆಂಟೆನಾ ಏರಿತ್ತು, ಅನುಮತಿ ಕೈಯಲ್ಲಿತ್ತು, ಯಂತ್ರದ ಮೇಲೆ ಕೈ ಪಳಗಿತ್ತು. ವಿಪತ್ತು ಆದಮೇಲೆ ಹೊರಡುವವರಿಗೂ ಆಗುವಾಗ ಅಲ್ಲೇ ಇರುವವರಿಗೂ ಒಂದೆರಡು ದಿನದ ಅಂತರ ಇರುತ್ತದೆ. ಜೀವ ಉಳಿಸುವ ಮಾತು ಬೇಕಾಗುವುದು ಆ ಒಂದೆರಡು ದಿನದಲ್ಲೇ.

ನಮ್ಮ ಜಿಲ್ಲೆಯಲ್ಲಿ ಈ ಅಂತರ ಇನ್ನೂ ಹಿಗ್ಗುತ್ತದೆ. ಭೂಪಟ ನೋಡಿದರೆ ಕಾರಣ ಗೊತ್ತಾಗುತ್ತದೆ. ಕಾರವಾರದಿಂದ ಶಿರಸಿಗೆ ನೇರ ಗೆರೆ ಎಳೆದರೆ ಸುಮಾರು 80 ಕಿ.ಮೀ. ಆದರೆ ನಡುವೆ ಘಟ್ಟ. ಹುಬ್ಬಳ್ಳಿ ಕಡೆಗೆ ಅರಬೈಲ್, ಕುಮಟಾದಿಂದ ಶಿರಸಿಗೆ ದೇವಿಮನೆ, ಜೋಯಿಡಾಕ್ಕೆ ಅಣಶಿ. ಕೆಳಗೆ ಕರಾವಳಿಗೆ ಒಂದೇ ಹೆದ್ದಾರಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಅದನ್ನು ತುಂಡು ತುಂಡಾಗಿ ಕತ್ತರಿಸುತ್ತವೆ. ಸೇತುವೆಗಳೇ ಅದರ ಜೀವ.

2009ರ ಅಕ್ಟೋಬರ್ 2ರಂದು ಕಾರವಾರದ ಪಕ್ಕದ ಕಡವಾಡದಲ್ಲಿ ಗುಡ್ಡ ಕುಸಿದು 19 ಜನ ಸತ್ತರು. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನ ಗೇಟು ತೆರೆದಾಗ ಕಾಳಿ ದಂಡೆಯ ಊರುಗಳಿಗೆ ನೀರು ನುಗ್ಗಿತು. ಗಂಗಾವಳಿಯೂ ಉಕ್ಕಿತು. 2021ರ ಜುಲೈನಲ್ಲಿ ಅರಬೈಲ್ ಘಟ್ಟ ಕುಸಿಯಿತು, ಯಲ್ಲಾಪುರದ ಕಳಚೆ ಊರೇ ಬಿರುಕು ಬಿಟ್ಟಿತು, ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಬಿತ್ತು. ಚಹಾ ಅಂಗಡಿ, ಅಲ್ಲಿದ್ದ ಜನ, ಲಾರಿಗಳು ಗಂಗಾವಳಿ ಪಾಲಾದವು. ಆಚೆ ದಂಡೆಯ ಉಳುವರೆಯ ಮನೆಗಳಿಗೂ ನದಿಯ ನೀರು ಅಪ್ಪಳಿಸಿತು. ರಸ್ತೆ ದಿನಗಟ್ಟಲೆ ಬಂದ್. ತಿಂಗಳು ತುಂಬುವುದರೊಳಗೆ, ಆಗಸ್ಟ್ 7ರ ನಡುರಾತ್ರಿ, ಕಾರವಾರ ಮತ್ತು ಸದಾಶಿವಗಡದ ನಡುವಿನ ಹಳೆಯ ಕಾಳಿ ಸೇತುವೆಯೇ ನದಿಗೆ ಬಿತ್ತು.

ಇದನ್ನೆಲ್ಲ ಒಟ್ಟಿಗೆ ನೋಡಿದರೆ ಒಂದು ವಿಷಯ ಹೊಳೆಯುತ್ತದೆ. ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ ಒಳ್ಳೆಯ ಹ್ಯಾಮ್‌ಗಳಿದ್ದಾರೆ. ಕರೆದರೆ ಬರುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಯಾವ ದಾರಿಯಲ್ಲಿ ಬರಬೇಕು? ಅವರು ಬೇಕಾಗುವ ದಿನವೇ ಅರಬೈಲ್ ಮುಚ್ಚಿರುತ್ತದೆ, ಶಿರೂರಿನಂಥ ಜಾಗದಲ್ಲಿ ಹೆದ್ದಾರಿ ಮಣ್ಣಿನಡಿ ಇರುತ್ತದೆ. ಹಾಗಾಗಿ ಹ್ಯಾಮ್ ನಮ್ಮವರೇ ಆಗಬೇಕು. ಘಟ್ಟದ ಮೇಲೂ ಬೇಕು, ಘಟ್ಟದ ಕೆಳಗೂ ಬೇಕು. ನಾನು ಇಷ್ಟೆಲ್ಲ ಬರೆಯುತ್ತಿರುವುದು ಈ ಒಂದು ಮಾತಿಗಾಗಿ.

ಮೊಬೈಲ್ ಇದೆಯಲ್ಲ ಎಂದು ಕೇಳುವವರಿಗೆ ನಮ್ಮ ಒಳನಾಡಿನ ಜನವೇ ಉತ್ತರ ಕೊಡುತ್ತಾರೆ. ಕೋವಿಡ್ ಕಾಲದಲ್ಲಿ ಮಕ್ಕಳು ಆನ್‌ಲೈನ್ ಪಾಠಕ್ಕೆ ರೇಂಜ್ ಹುಡುಕಿ ಗುಡ್ಡ ಹತ್ತಿ ಕೂತಿದ್ದು ಇದೇ ಜಿಲ್ಲೆಯಲ್ಲಿ ಅಲ್ವಾ? ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆ. ಟವರಿನ ಬ್ಯಾಟರಿ ಸ್ವಲ್ಪ ಹೊತ್ತು ತಾಳುತ್ತದೆ, ಆಮೇಲೆ ಡೀಸೆಲ್ ಬೇಕು. ಡೀಸೆಲ್ ತರುವ ದಾರಿಗೆ ಮರ ಬಿದ್ದಿರುತ್ತದೆ. ಟವರ್ ನಿಂತಿದ್ದರೂ ರಸ್ತೆ ಪಕ್ಕದಲ್ಲಿ ಹೂತ ಕೇಬಲ್ ಧರೆಯ ಜೊತೆಗೇ ಕಿತ್ತು ಹೋಗಿರುತ್ತದೆ. ಸ್ಯಾಟಲೈಟ್ ಫೋನು ಒಳ್ಳೆಯದೇ. ಆದರೆ ಹಳ್ಳಿ ಹಳ್ಳಿಗೆ ಇಡುವಷ್ಟು ಯಾರ ಹತ್ತಿರವೂ ಇಲ್ಲ.

ಹ್ಯಾಮ್ ರೇಡಿಯೊಗೆ ನಡುವೆ ಟವರ್ ಬೇಡ, ಕೇಬಲ್ ಬೇಡ. ಈ ತುದಿಯಲ್ಲೊಂದು ಸೆಟ್ಟು, ಆ ತುದಿಯಲ್ಲೊಂದು ಸೆಟ್ಟು, ಎರಡಕ್ಕೂ ಆಂಟೆನಾ. ಕಾರಿನ 12 ವೋಲ್ಟ್ ಬ್ಯಾಟರಿ ಸಾಕು. 100 ವ್ಯಾಟ್‌ನ ಸೆಟ್ಟು ಮಾತಾಡುವಾಗ 20 ಆಂಪಿಯರ್‌ನಷ್ಟು ಎಳೆಯುತ್ತದೆ, ಸುಮ್ನೆ ಕೇಳುತ್ತಾ ಕೂತರೆ ಒಂದು ಆಂಪಿಯರ್‌ನ ಆಸುಪಾಸು. ಶಕ್ತಿ ಕಡಿಮೆ ಮಾಡಿಕೊಂಡು, ಮಾತನ್ನೂ ಕಡಿಮೆ ಮಾಡಿದರೆ ಬ್ಯಾಟರಿ ಬಹಳ ಹೊತ್ತು ಬರುತ್ತದೆ.

ಆದರೆ ಘಟ್ಟ ರೇಡಿಯೊಗೂ ಅಡ್ಡ ಬರುತ್ತದೆ. ಕೈಯಲ್ಲಿ ಹಿಡಿಯುವ ವಾಕಿಟಾಕಿಯಂಥ ಸೆಟ್ಟುಗಳು 144 ಮೆಗಾಹರ್ಟ್ಸ್ ಸುತ್ತ ಕೆಲಸ ಮಾಡುತ್ತವೆ. ಆ ತರಂಗ ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರ ಹೋಗುತ್ತದೆ. ಕಾರವಾರದ ಕಡಲತೀರದಿಂದ ಸುಮಾರು 600 ಮೀಟರ್ ಎತ್ತರದ ಶಿರಸಿಗೆ, ನಡುವೆ ಅಷ್ಟು ಗುಡ್ಡ ಇಟ್ಟುಕೊಂಡು, ಅದು ಸಿಗುವ ಭರವಸೆ ಇಲ್ಲ. ಎತ್ತರದ ಗುಡ್ಡದ ಮೇಲೆ ರಿಪೀಟರ್, ಅಂದರೆ ಬಂದ ಮಾತನ್ನು ಹಿಡಿದು ಮತ್ತೆ ಮುಂದಕ್ಕೆ ಕಳಿಸುವ ಯಂತ್ರ, ಇಟ್ಟರೆ ಸಿಗುತ್ತದೆ. ಆದರೆ ಅದಕ್ಕೂ ಕರೆಂಟ್ ಬೇಕು, ಸಿಡಿಲಿನಿಂದ ಕಾಪಾಡಬೇಕು, ಮಳೆಯಲ್ಲಿ ಹತ್ತಿ ಹೋಗಿ ನೋಡಬೇಕು.

ಇಲ್ಲಿ 7 ಮೆಗಾಹರ್ಟ್ಸ್ ಕೈ ಹಿಡಿಯುತ್ತದೆ. ನೆಲದಿಂದ ಸುಮಾರು 300 ಕಿ.ಮೀ. ಮೇಲೆ, ಸೂರ್ಯನ ಬಿಸಿಲಿಗೆ ವಿದ್ಯುತ್ ಕಣಗಳಾಗಿ ಒಡೆದ ಗಾಳಿಯ ಪದರವೊಂದಿದೆ. ಅಯಾನುಗೋಳ ಅನ್ನುತ್ತಾರೆ. ಕೋಣೆಯಲ್ಲಿ ಟಾರ್ಚನ್ನು ಮೇಲಕ್ಕೆ ಹಿಡಿದರೆ ಬೆಳಕು ಛಾವಣಿಗೆ ತಾಗಿ ಇಡೀ ಕೋಣೆಗೆ ಹರಡುವಂತೆ, ನೆಟ್ಟಗೆ ಮೇಲಕ್ಕೆ ಕಳಿಸಿದ ತರಂಗ ಈ ಪದರಕ್ಕೆ ತಾಗಿ ಸುತ್ತಲಿನ ನೂರಾರು ಕಿಲೋಮೀಟರಿಗೆ ಇಳಿಯುತ್ತದೆ. ಮೇಲಿನಿಂದ ಇಳಿಯುವ ತರಂಗಕ್ಕೆ ದೇವಿಮನೆ ಘಟ್ಟವಾದರೇನು, ಅಣಶಿಯಾದರೇನು! ಹಗಲಿಗೆ 7 ಮೆಗಾಹರ್ಟ್ಸ್, ಕತ್ತಲಾದ ಮೇಲೆ ಆ ಪದರ ತೆಳುವಾಗುವುದರಿಂದ 3.5 ಮೆಗಾಹರ್ಟ್ಸ್. ಇದಕ್ಕೆ ಎತ್ತರದ ಕಂಬವೂ ಬೇಡ. ಸುಮಾರು 10 ಮೀಟರಿನ ಎರಡು ತಂತಿಗಳನ್ನು ನಡುವಿನಿಂದ ಎರಡು ಕಡೆಗೆ ಎಳೆದು ಕಟ್ಟಿದರೆ 7 ಮೆಗಾಹರ್ಟ್ಸ್‌ನ ಆಂಟೆನಾ ಸಿದ್ಧ. ನಾಲ್ಕೈದು ಮೀಟರ್ ಎತ್ತರ ಸಾಕು. ತಂತಿ ಮೇಲಿದ್ದಷ್ಟೂ ಒಳ್ಳೆಯದು ಎಂಬ ಮಾತು ದೂರದ ದೇಶದ ಮಾತುಕತೆಗೆ ಸರಿ. ಜಿಲ್ಲೆಯೊಳಗಿನ ಮಾತಿಗೆ ತಗ್ಗಿನ ತಂತಿಯೇ ವಾಸಿ. ನಮ್ಮ ತೋಟದ ಅಡಿಕೆ ಮರಗಳ ನಡುವೆ ಕಟ್ಟಬಹುದಾದ ಆಂಟೆನಾ ಇದು.

ಯಂತ್ರ ಇದ್ದರೆ ಕೆಲಸ ಮುಗಿಯಲಿಲ್ಲ. ಹತ್ತು ಜನ ಒಟ್ಟಿಗೆ ಮಾತಾಡಿದರೆ ಯಾರಿಗೂ ಏನೂ ಕೇಳುವುದಿಲ್ಲ. ಅದಕ್ಕೆ ಹ್ಯಾಮ್‌ಗಳು 'ನೆಟ್' ನಡೆಸುತ್ತಾರೆ. ಒಬ್ಬರು ನಿಯಂತ್ರಣ ಹಿಡಿಯುತ್ತಾರೆ, ಅವರು ಕರೆದವರು ಮಾತ್ರ ಮಾತಾಡಬೇಕು. ತುರ್ತು ಸಂದೇಶ ಇದ್ದವರು ಮೊದಲು. ಸಂದೇಶವನ್ನು ಬರೆದುಕೊಳ್ಳಬೇಕು, ಮರಳಿ ಓದಿ ಹೇಳಬೇಕು, ಸಮಯ ಹಾಕಬೇಕು. 'ಹದಿನೈದು ಜನಕ್ಕೆ ದೋಣಿ ಬೇಕು' ಎಂಬ ಮಾತು 'ಹದಿನೈದು ದೋಣಿ ಬೇಕು' ಆಗಬಾರದು. ಇದು ಅಭ್ಯಾಸದಿಂದಲೇ ಬರಬೇಕು. ಆದ್ದರಿಂದಲೇ ಹ್ಯಾಮ್‌ಗಳು ವಿಪತ್ತಿಲ್ಲದ ದಿನಗಳಲ್ಲೂ ಸಾರ್ವಜನಿಕ ಕೆಲಸಕ್ಕೆ ಹೋಗುತ್ತಾರೆ. 1980ರ ದಶಕದ ಹಿಮಾಲಯ ಕಾರ್ ರ‍್ಯಾಲಿಗಳಲ್ಲಿ ಬೆಟ್ಟದ ದಾರಿಯಿಂದ ಸುದ್ದಿ ಕೊಟ್ಟವರು ಇವರು. ಪಶ್ಚಿಮ ಬಂಗಾಳದ ಗಂಗಾಸಾಗರ ಮೇಳದಲ್ಲಿ ತಪ್ಪಿಸಿಕೊಂಡವರನ್ನು ಮನೆಯವರ ಹತ್ತಿರ ಸೇರಿಸುವ ಕೆಲಸವನ್ನು ಅಲ್ಲಿನ ಹ್ಯಾಮ್‌ಗಳು ಮಾಡುತ್ತಾ ಬಂದಿದ್ದಾರೆ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬಾ ಜಾತ್ರೆಗಿಂತ ಒಳ್ಳೆಯ ಅಭ್ಯಾಸದ ಜಾಗ ನಮಗೆ ಎಲ್ಲಿ ಸಿಗಬೇಕು! ಅಷ್ಟು ಜನ ಸೇರಿದಾಗ ಮೊಬೈಲ್ ಕೂಡ ತಿಣುಕಾಡುತ್ತದೆ.

ಕಾನೂನು ಹಂತ ಹಂತವಾಗಿ ಹತ್ತಿರ ಬಂದಿದೆ. 2003ರಲ್ಲಿ ಜಿನೀವಾದಲ್ಲಿ ಸೇರಿದ ಜಾಗತಿಕ ರೇಡಿಯೊ ಸಮ್ಮೇಳನ ಎರಡು ಕೆಲಸ ಮಾಡಿತು. ಲೈಸೆನ್ಸಿಗೆ ಮೋರ್ಸ್, ಅಂದರೆ ಚುಕ್ಕೆ ಗೆರೆಗಳ ಸಂಕೇತ ಭಾಷೆ, ಕಡ್ಡಾಯವಾಗಿರಬೇಕಾಗಿಲ್ಲ ಎಂದಿತು. ವಿಪತ್ತಿನ ಕೆಲಸಕ್ಕೆ ಹವ್ಯಾಸಿಗಳು ಸಿದ್ಧರಾಗಲು ಸರ್ಕಾರಗಳು ದಾರಿ ಮಾಡಿಕೊಡಬೇಕು ಎಂದಿತು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಿಂದ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಯ ನೇತೃತ್ವದ ಪ್ರಾಧಿಕಾರ ಬಂತು. 1978ರ ನಿಯಮ ಬೊಟ್ಟು ಮಾಡಿದ್ದು ಇದೇ ಕುರ್ಚಿಯನ್ನು. ಹಾಗಿರುವಾಗ ಜಿಲ್ಲೆಯ ಹ್ಯಾಮ್‌ಗಳ ಪಟ್ಟಿ, ಅವರ ಕಾಲ್ ಸೈನ್, ಯಾವ ತಾಲೂಕಿನಲ್ಲಿದ್ದಾರೆ, ಯಾವ ತರಂಗದಲ್ಲಿ ಸಿಗುತ್ತಾರೆ ಎಂಬ ಮಾಹಿತಿ ಕಂಟ್ರೋಲ್ ರೂಮಿನ ಗೋಡೆಯ ಮೇಲಿರಬೇಕು. ಕೈಗಾದ ಅಣುಸ್ಥಾವರ, ಕಾಳಿಯ ಅಣೆಕಟ್ಟುಗಳು, ಬಂದರು ಎಲ್ಲ ಇರುವ ಜಿಲ್ಲೆಗೆ ಇದು ಅತಿಯಾಸೆ ಅಲ್ಲ.

ಲೈಸೆನ್ಸ್ ಪಡೆಯುವುದು ಜನ ಅಂದುಕೊಂಡಷ್ಟು ಕಷ್ಟವಲ್ಲ. 12 ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆ ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ರೇಡಿಯೊದ ಮೂಲ ಪಾಠ ಮತ್ತು ನಿಯಮಗಳು ಗೊತ್ತಿದ್ದರೆ ಸಾಕು, ಮೋರ್ಸ್ ಬೇಡ. ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದದ ವೇಗದಲ್ಲಿ ಮೋರ್ಸ್ ಬರಬೇಕು. ಕಾಲೇಜು, ಕ್ಲಬ್ಬುಗಳೂ ತಮ್ಮ ಹೆಸರಿನಲ್ಲಿ ಲೈಸೆನ್ಸ್ ಪಡೆಯಬಹುದು. ಕಾರವಾರದ ಮಾಜಾಳಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಶಿರಸಿ, ಕುಮಟಾ, ಹೊನ್ನಾವರದಲ್ಲಿ ಹಳೆಯ ಕಾಲೇಜುಗಳಿವೆ. ಒಂದೊಂದರಲ್ಲೂ ಒಂದು ಸೆಟ್ಟು, ಒಂದು ತಂತಿ, ಕಲಿಸುವ ಒಬ್ಬ ಮೇಷ್ಟ್ರು ಇದ್ದರೆ ಘಟ್ಟದ ಮೇಲೆ ಕೆಳಗೆ ಜಾಲ ಹಬ್ಬುತ್ತದೆ.

ಕರಾವಳಿಯಲ್ಲಿ ಮಳೆಗಾಲಕ್ಕೆಂದು ಜೂನ್ 1ಕ್ಕೆ ಟ್ರಾಲಿಂಗ್ ಮೀನುಗಾರಿಕೆ ನಿಲ್ಲುತ್ತದೆ. ಅದಕ್ಕೆ ಮೊದಲು, ಮೇ ತಿಂಗಳ ಒಂದು ಭಾನುವಾರ, ಮೊಬೈಲ್ ಮುಟ್ಟದೆ ಜಿಲ್ಲೆಯ ಪ್ರತಿ ತಾಲೂಕಿನಿಂದ ಒಂದೊಂದು ಸಂದೇಶ ಕಾರವಾರದ ಕಂಟ್ರೋಲ್ ರೂಮಿಗೆ ತಲುಪಿಸಿ ನೋಡಬೇಕು. ಎಲ್ಲಿಂದ ಬರಲಿಲ್ಲವೋ ಆ ತಾಲೂಕಿನಲ್ಲಿ ಮುಂದಿನ ಪರೀಕ್ಷೆಗೆ ಇಬ್ಬರನ್ನು ಕೂರಿಸಬೇಕು.